ಮೊದಲ ದಿನ ಬಂದವರು ಮತ್ತೊಮ್ಮೆ ಬರಬೇಕಾದರೆ

ನಮ್ಮ ಆಸ್ಪತ್ರೆಯ ಆಪ್ತಸಮಾಲೋಚನೆ ಕೋಣೆಯ ಕಪಾಟಿನಲ್ಲಿ ಒಂದೇ ಹಾಳೆಯ ಫೈಲುಗಳ ಒಂದು ದೊಡ್ಡ ಕಟ್ಟು ಇದೆ. ಒಂದು ಸಲ ಬಂದರು, ಹೆಸರು ಊರು ಬರೆಸಿದರು, ಮುಕ್ಕಾಲು ಗಂಟೆ ಕೂತರು, "ಆಯ್ತು ಮೇಡಂ, ಬರ್ತೇನೆ" ಅಂತ ಹೋದರು. ಆಮೇಲೆ ಪತ್ತೆ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದಕ್ಕೆ ಅವರನ್ನೇ ಮನಸ್ಸಿನಲ್ಲಿ ಬೈಯುತ್ತಿದ್ದೆ. ಜನರಿಗೆ ತಿಳುವಳಿಕೆ ಇಲ್ಲ, ಗುಣ ಆಗಬೇಕು ಅಂತಲೇ ಇಲ್ಲ, ಹೀಗೆಲ್ಲ. ಒಂದು ಮಳೆಗಾಲ ಜನ ಕಡಿಮೆ ಇದ್ದಾಗ ಆ ಕಟ್ಟು ಬಿಚ್ಚಿ ಓದುತ್ತಾ ಕೂತೆ. ಹಾಳೆ ತುಂಬಾ ನನ್ನದೇ ಮಾತು. ಬೇಗ ಏಳಲು ಹೇಳಲಾಯಿತು, ವಾಕಿಂಗ್ ಹೋಗಲು ತಿಳಿಸಲಾಯಿತು, ಕುಡಿತದ ಕೆಡುಕು ವಿವರಿಸಲಾಯಿತು. ಬಂದವರು ಹೇಳಿದ್ದು ಎರಡೇ ಸಾಲು. ಬರದೆ ಹೋದದ್ದು ಯಾಕೆ ಅಂತ ಬೇರೆ ಯಾರನ್ನೂ ಕೇಳಬೇಕಾಗಲಿಲ್ಲ.

ಉಡುಪಿ, ಮಂಗಳೂರು ಕಡೆ ಹೊಸದಾಗಿ ಆಪ್ತಸಮಾಲೋಚನೆಗೆ ಕೂತವರಿಗೆ, ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಪದವಿ ಮುಗಿಸಿ ಆಸ್ಪತ್ರೆಯಲ್ಲಿ ಮೊದಲ ಟೇಬಲ್ ಸಿಕ್ಕವರಿಗೆ, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರಿಗೆ ಇದನ್ನು ಬರೆಯುತ್ತಿದ್ದೇನೆ. ಹೇಳಲಿಕ್ಕಿರುವುದು ಮುಖ್ಯವಾಗಿ ಒಂದೇ. ಮೊದಲ ಭೇಟಿಯಲ್ಲಿ ಯಾರನ್ನೂ ಗುಣ ಮಾಡಲು ಹೋಗಬೇಡಿ. ಎರಡನೇ ಭೇಟಿ ಆಗುವ ಹಾಗೆ ನೋಡಿಕೊಳ್ಳಿ, ಸಾಕು. ಮುಂದೆ ಬರುವ ಜನರ ಕಥೆಗಳಲ್ಲಿ ಗುರುತು ಸಿಗದ ಹಾಗೆ ಊರು, ವಯಸ್ಸು, ಸಂಬಂಧ ಎಲ್ಲ ಬದಲಿಸಿದ್ದೇನೆ.

ಅಷ್ಟಕ್ಕೂ ನಮ್ಮ ಮೆಟ್ಟಿಲು ಹತ್ತಿದವರೇ ಕೆಲವರು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಕಾಯಿಲೆ ಯಾವುದು ಅನ್ನುವುದರ ಮೇಲೆ ನೂರರಲ್ಲಿ 70ರಿಂದ 92 ಜನಕ್ಕೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಉಳಿದ ಆ ಕೆಲವರಲ್ಲಿ ಒಬ್ಬರು ನಮ್ಮೆದುರಿನ ಕುರ್ಚಿಯಲ್ಲಿ ಕೂತಿದ್ದಾರೆ. ಅವರನ್ನೂ ಕಳೆದುಕೊಂಡರೆ ಬೇಜಾರಾಗದೆ ಇರುತ್ತದಾ?

ಅವರು ನಡೆದು ಬಂದ ದಾರಿ

ಬೈಂದೂರು ಕಡೆಯಿಂದ ಒಬ್ಬರು ಉಡುಪಿಗೆ ಬಂದಿದ್ದಾರೆ ಅಂದರೆ ಬೆಳಿಗ್ಗೆ ಮೊದಲ ಬಸ್ಸು ಹಿಡಿದಿದ್ದಾರೆ, ಒಂದು ದಿನದ ಸಂಬಳ ಬಿಟ್ಟಿದ್ದಾರೆ, ಮನೆಯಲ್ಲಿ ಒಂದು ಸುಳ್ಳು ಹೇಳಿ ಬಂದಿದ್ದಾರೆ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಅಲ್ವಾ ಅನ್ನಬೇಡಿ, ಇಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳೇ, ಟಿಕೆಟ್ ತೆಗೆಯಲೇಬೇಕು. ನಮ್ಮಲ್ಲಿಗೆ ಬರುವ ಮೊದಲು ಗ್ಯಾಸ್ಟ್ರಿಕ್ ಅಂತ ಒಬ್ಬ ಡಾಕ್ಟರು, ಎದೆ ಡವಡವ ಅಂತ ಇಸಿಜಿ, ನರದ ವೀಕ್‌ನೆಸ್ ಅಂತ ಒಂದು ಬಾಟಲಿ ಟಾನಿಕ್, ಊರ ಪಂಡಿತರ ಕಷಾಯ, ಆಮೇಲೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ನಾಗನಿಗೆ ಆಶ್ಲೇಷಾ ಬಲಿ, ದೈವದ ಮುಂದೆ ಹರಕೆ. ಎಲ್ಲ ಆಗಿ ಕೊನೆಗೆ ನಾವು.

ಇಷ್ಟು ಸುತ್ತಿ ಬಂದವರಿಗೆ "ಇಷ್ಟು ತಡ ಯಾಕೆ ಮಾಡಿದ್ರಿ?" ಅಂತ ಕೇಳಿದರೆ ಮೊದಲ ನಿಮಿಷದಲ್ಲೇ ಸೋತಿರಿ. ನಾನು ಈಗ ಕೇಳುವುದು ಹೀಗೆ: "ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲ ತೋರಿಸಿದ್ರಿ? ಯಾವುದ್ರಲ್ಲಿ ಸ್ವಲ್ಪವಾದ್ರೂ ಹಗುರ ಆಯ್ತು?" ಎರಡನೇ ಪ್ರಶ್ನೆ ಮುಖ್ಯ. ಕೋಲದ ದಿನ ಹಗುರ ಆಯ್ತು ಅಂದರೆ ಅದನ್ನೂ ಫೈಲಿನಲ್ಲಿ ಬರೆದುಕೊಳ್ಳಿ. ಮುಖ ಮಾತ್ರ ಬದಲಾಗಬಾರದು. ಹುಬ್ಬು ಒಂದು ಎಳೆ ಮೇಲೆ ಹೋದರೂ ಅವರಿಗೆ ಗೊತ್ತಾಗುತ್ತದೆ, ಅವರು ಆ ಹುಬ್ಬನ್ನು ಬೇರೆ ಎಷ್ಟೋ ಟೇಬಲ್ಲಿನಲ್ಲಿ ನೋಡಿ ಬಂದವರು.

ದೈವ, ನಾಗ, ಮಂತ್ರ ಇವುಗಳ ಜೊತೆ ಜಗಳಕ್ಕೆ ನಿಲ್ಲಬೇಡಿ. ಜಗಳಕ್ಕೆ ನಿಂತರೆ ಗೆಲ್ಲುವುದು ನೀವಲ್ಲ. "ಅದನ್ನು ಬಿಡಿ ಅಂತ ನಾನು ಹೇಳುದಿಲ್ಲ, ಮದ್ದು ಬಿಡಬೇಡಿ ಅಂತ ಮಾತ್ರ ಹೇಳುದು" ಅಂದರೆ ಹೆಚ್ಚಿನ ಮನೆಯವರು ಒಪ್ಪುತ್ತಾರೆ. ದೈವದ ಹತ್ತಿರ ಕೇಳಿ ಬರ್ತೇವೆ ಅಂದವರಿಗೆ ನಾನೇ "ಕೇಳಿ ಬನ್ನಿ, ಮದ್ದಿನ ವಿಷಯವೂ ಕೇಳಿ" ಅಂದದ್ದುಂಟು. ವೈದ್ಯರ ಮದ್ದೂ ಮಾಡಿ ಅಂತ ಅಪ್ಪಣೆ ಆಗಿ ಬಂದವರೂ ಉಂಟು, ಅವರು ನನ್ನ ಮಾತಿಗಿಂತ ಆ ಮಾತಿಗೇ ಮಾತ್ರೆ ನುಂಗಿದರು. ನನಗೇನೂ ನಷ್ಟ ಆಗಲಿಲ್ಲ. ಆದರೆ ಹೊಡೆಯುವುದು, ಕಟ್ಟಿ ಹಾಕುವುದು, ಊಟ ಕೊಡದೆ ಕೂರಿಸುವುದು ನಡೆದಿದ್ದರೆ ಅಲ್ಲಿ ಮೆತ್ತಗೆ ಮಾತಾಡುವ ಪ್ರಶ್ನೆಯೇ ಇಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಅದನ್ನು ನೇರವಾಗಿಯೇ ಹೇಳಿ.

ಸುಳ್ಳು ಹೇಳಿ ಕರೆತಂದರೆ

ಇದು ನಮ್ಮಲ್ಲಿ ವಾರಕ್ಕೊಂದಾದರೂ ಆಗುತ್ತದೆ. ಬಿಪಿ ನೋಡಿಸಲಿಕ್ಕೆ, ಕಣ್ಣು ತೋರಿಸಲಿಕ್ಕೆ ಅಂತ ಹೇಳಿ ಕರೆತರುತ್ತಾರೆ. ಒಮ್ಮೆ ಒಬ್ಬ ಹುಡುಗನನ್ನು ಗಲ್ಫಿಗೆ ಹೋಗುವ ಮೆಡಿಕಲ್ ಉಂಟು ಅಂತ ನಂಬಿಸಿ ತಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪಾಸ್‌ಪೋರ್ಟ್ ಇದ್ದ ಪ್ಲಾಸ್ಟಿಕ್ ಕವರು. ಅಪ್ಪ ನನಗೆ ಕಣ್ಸನ್ನೆ ಮಾಡುತ್ತಿದ್ದಾರೆ, ಹೇಳಬೇಡಿ ಅಂತ. ಆ ಕಣ್ಸನ್ನೆಗೆ ತಲೆ ಆಡಿಸಿದರೆ ಆ ಹುಡುಗನ ಪಾಲಿಗೆ ನಾನೂ ಆ ಸುಳ್ಳಿನಲ್ಲಿ ಒಬ್ಬಳು.

"ನೋಡಿ, ಇದು ಗಲ್ಫ್ ಮೆಡಿಕಲ್ ಅಲ್ಲ" ಅಂದೆ. "ನಾನು ಸಮಾಲೋಚಕಿ. ನೀವು ನಿದ್ದೆ ಮಾಡುದಿಲ್ಲ, ರಾತ್ರಿ ಒಬ್ಬರೇ ಮಾತಾಡ್ತೀರಿ ಅಂತ ಮನೆಯಲ್ಲಿ ಹೆದರಿದ್ದಾರೆ. ಸುಳ್ಳು ಹೇಳಿ ಕರ್ಕೊಂಡು ಬಂದದ್ದು ಸರಿ ಅಲ್ಲ. ನಿಮಗೆ ಮಾತಾಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಇವತ್ತು ಬೇಡ. ಬಾಗಿಲು ತೆರೆದೇ ಉಂಟು."

ಅವನು ಎದ್ದು ಹೋದ. ಅಪ್ಪ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಹುಡುಗ ವರಾಂಡದ ಕಂಬಕ್ಕೆ ಒರಗಿ, ಕವರಿನಿಂದ ಪಾಸ್‌ಪೋರ್ಟ್ ತೆಗೆಯುವುದು, ಒಳಗೆ ಇಡುವುದು, ಮತ್ತೆ ತೆಗೆಯುವುದು. ಇಪ್ಪತ್ತು ನಿಮಿಷ ಆಗಿರಬೇಕು. ನಾನು ಬೇರೆ ಫೈಲು ನೋಡುವ ಹಾಗೆ ನಟಿಸುತ್ತಾ ಕೂತಿದ್ದೆ. ಆಮೇಲೆ ಬಾಗಿಲಲ್ಲಿ ಬಂದು ನಿಂತು "ನೀರು ಉಂಟಾ?" ಅಂದ. ನೀರು ಕೊಟ್ಟೆ. ಕೂತ. ಆವತ್ತು ಅವನು ಮಾತಾಡಿದ್ದು ಹತ್ತು ನಿಮಿಷ, ಅದರಲ್ಲೂ ಅರ್ಧ ವೀಸಾದ ವಿಷಯ. ಮುಂದಿನ ವಾರ ತಾನಾಗಿಯೇ ಬಂದ.

ಯಾವಾಗಲೂ ಹೀಗೆ ಆಗುವುದಿಲ್ಲ, ಎದ್ದು ಹೋದವರು ಹೋಗಿಯೇ ಬಿಟ್ಟದ್ದೂ ಇದೆ. ಆದರೂ ಸತ್ಯ ಹೇಳಿ. ಮತ್ತೆ ಇನ್ನೊಂದು, ಜೊತೆಯಲ್ಲಿ ಬಂದವರು ಎಷ್ಟೇ ಜೋರಾಗಿ ಮಾತಾಡಲಿ, ಮೊದಲ ಮಾತು ಬಂದವರ ಹತ್ತಿರವೇ ಆಡಿ. ಅವರು ಕೂತಿರುವಾಗಲೇ ಅವರ ತಲೆ ಮೇಲಿಂದ "ಇವನು ಊಟ ಸರಿ ಮಾಡ್ತಾನಾ?" ಅಂತ ಅಮ್ಮನನ್ನು ಕೇಳಬೇಡಿ. ಮನೆಯವರಿಗೆ ಬೇರೆ ಸಮಯ ಕೊಡಿ, ಅವರಿಗೂ ಹೇಳಲಿಕ್ಕೆ ಬೇಕಾದಷ್ಟು ಇರುತ್ತದೆ, ಅವರೂ ಎಷ್ಟೋ ರಾತ್ರಿ ಮಲಗಿಲ್ಲ.

ಮಾತು ಯಾವ ಭಾಷೆಯಲ್ಲಿ

ಫೈಲಿನಲ್ಲಿ ಕ್ಲೈಂಟ್ ಅಂತ ಬರೆಯುತ್ತೇವೆ. ಎದುರಿಗೆ ಅಕ್ಕ, ಅಣ್ಣ, ಅಮ್ಮ ಅಂತಲೇ. ಆದರೆ ಪ್ರಾಯದಲ್ಲಿ ನಿಮಗಿಂತ ಚಿಕ್ಕವರಾದರೂ ಮೊದಲ ದಿನವೇ ಏಕವಚನಕ್ಕೆ ಇಳಿಯಬೇಡಿ. ಮಾನಸಿಕ ಕಾಯಿಲೆ ಅಂದ ಕೂಡಲೇ ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಏಕವಚನಕ್ಕೆ ಇಳಿದಿರುತ್ತಾರೆ. ನಮ್ಮ ಟೇಬಲ್ಲಿನಲ್ಲಾದರೂ ಬಹುವಚನ ಇರಲಿ.

ಇಲ್ಲಿ ಒಂದೇ ಬಸ್ಸಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ, ಮಲಯಾಳ ಎಲ್ಲ ಕೇಳುತ್ತದೆ. ಆಸ್ಪತ್ರೆ ಅಂದ ಕೂಡಲೇ ಜನ ಶಾಲೆಯ ಕನ್ನಡಕ್ಕೆ ಬರುತ್ತಾರೆ. ಆ ಕನ್ನಡದಲ್ಲಿ "ಸ್ವಲ್ಪ ತೊಂದರೆ ಇದೆ" ಅನ್ನುವಷ್ಟೇ ಬರುತ್ತದೆ, ಅಳು ಬರುವುದಿಲ್ಲ. ತುಳು ಗೊತ್ತಿದ್ದರೆ "ವನಸ್ ಆಂಡಾ?" ಅಂತ ಊಟದ ವಿಷಯ ಕೇಳಿ ಶುರು ಮಾಡಿ, ಹೆಗಲು ಎರಡು ಇಂಚು ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಭಾಷೆ ಬಾರದಿದ್ದರೆ ಬಾರದು ಅಂತ ಹೇಳಿ, ಬಲ್ಲ ಸಹೋದ್ಯೋಗಿಯನ್ನು ಕರೆಯಿರಿ. ಜೊತೆಗೆ ಬಂದ ಮಗುವನ್ನು ದುಭಾಷಿ ಮಾಡಬೇಡಿ. ಅಮ್ಮ ಸಾಯಬೇಕು ಅಂತ ಯೋಚಿಸಿದ್ದನ್ನು ಒಂಬತ್ತು ವರ್ಷದ ಮಗಳ ಬಾಯಲ್ಲಿ ಹೇಳಿಸಿದ ಹಾಗಾಗುತ್ತದೆ.

ಇನ್ನು ಪದಗಳು. "ಬೇಜಾರು" ಅಂದರೆ ನಮ್ಮಲ್ಲಿ ದುಃಖವೂ ಹೌದು, ಬೋರೂ ಹೌದು, ಸಿಟ್ಟೂ ಹೌದು, ಕ್ಷಮಿಸಿ ಅನ್ನಲಿಕ್ಕೂ ಅದೇ. "ಉದಾಸೀನ ಆಗ್ತದೆ" ಅಂದರೆ ಸೋಮಾರಿತನ ಅಂತ ಮನೆಯವರು ಅಂದುಕೊಂಡಿರುತ್ತಾರೆ, ಆದರೆ ಹಲ್ಲುಜ್ಜಲಿಕ್ಕೂ ಉದಾಸೀನ ಆಗುತ್ತಿದ್ದರೆ ಅದು ಸೋಮಾರಿತನ ಅಲ್ಲ. "ಮಂಡೆ ಬೆಚ್ಚ" ಅಂದರೆ ಚಿಂತೆ ಇರಬಹುದು, ನಿದ್ದೆ ಕೆಟ್ಟದ್ದಿರಬಹುದು, ನಿಜವಾಗಿ ತಲೆ ಸುಡುವ ಹಾಗೆ ಅನ್ನಿಸುವುದೂ ಇರಬಹುದು. ಯಾವ ಬೇಜಾರು, ಯಾವ ಉದಾಸೀನ ಅಂತ ಕೇಳಿ. ಖಿನ್ನತೆ ಅನ್ನುವ ಪದವನ್ನು ಮೊದಲ ದಿನ ಚೀಲದಲ್ಲೇ ಇಟ್ಟಿರಿ. ಅದು ಪೇಪರಿನ ಪದ, ಯಾರ ಅಡುಗೆಮನೆಯಲ್ಲೂ ಅದನ್ನು ನಾನು ಕೇಳಿಲ್ಲ. ಅವರದ್ದೇ ಪದವನ್ನು ಫೈಲಿನಲ್ಲಿ ಬರೆದು ಮುಂದಿನ ಸಲ ಅದನ್ನೇ ಬಳಸಿದರೆ, ಇವರು ಕೇಳಿಸಿಕೊಂಡಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ.

ಬೀಡಿಯ ಲೆಕ್ಕ

ಬಂಟ್ವಾಳ ಕಡೆಯ ಒಬ್ಬ ಅಮ್ಮ. ಕೈಕಾಲು ಸೆಳೆತ, ಹೊಟ್ಟೆ ಉರಿ, ತಲೆ ಭಾರ. ಎಲ್ಲ ಟೆಸ್ಟೂ ನಾರ್ಮಲ್. "ನಿಮಗೇನೂ ಇಲ್ಲ" ಅಂತ ಮೂರು ಕಡೆ ಹೇಳಿ ಕಳಿಸಿದ್ದರು. ಏನೂ ಇಲ್ಲ ಅನ್ನುವ ಮಾತು ಅವರಿಗೆ ಸಮಾಧಾನ ಅಲ್ಲ, ಸುಳ್ಳಿ ಅಂದ ಹಾಗೆ. ಸೆಳೆತ ನಿಜ, ಉರಿ ನಿಜ. ಮನಸ್ಸಿನ ಭಾರ ಮೈಯಲ್ಲಿ ಇಳಿಯುತ್ತದೆ ಅಂತ ನಿಧಾನ ಹೇಳಬಹುದು, ಅದೂ ಎರಡನೇ ಮೂರನೇ ಸಲ.

ಅವರು ಮಾತಾಡುವಾಗ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಸುರುಟುವುದು, ತುದಿ ಮಡಚುವುದು, ಬಿಡುವುದು, ಮತ್ತೆ ಸುರುಟುವುದು. ನೋಡಿ ನೋಡಿ ಕೇಳಿದೆ, "ದಿನಕ್ಕೆ ಎಷ್ಟು ಕಟ್ತೀರಿ ಅಮ್ಮ?" ಅವರು ಮೊದಲ ಸಲ ತಲೆ ಎತ್ತಿದರು. "ಮೊದಲು ಸಾವಿರ ಆಗ್ತಿತ್ತು. ಈಗ ಮುನ್ನೂರು ಆಗುವಾಗ ಸಾಕಾಗ್ತದೆ. ಎಲೆ ಕೈಯಲ್ಲೇ ಇರ್ತದೆ, ನಾನು ಎಲ್ಲಿಗೋ ಹೋಗಿರ್ತೇನೆ."

ಖಿನ್ನತೆಯನ್ನು ಅಳೆಯಲು ನಮ್ಮ ಹತ್ತಿರ ಪ್ರಶ್ನಾವಳಿಗಳಿವೆ, ಅವನ್ನೂ ತುಂಬಿಸಿದ್ದೇನೆ, ಬೇಡ ಅನ್ನುವುದಿಲ್ಲ. ಆದರೆ ಆ ಅಮ್ಮನಿಗೆ ತಾನು ಗುಣ ಆಗುತ್ತಿದ್ದೇನಾ ಇಲ್ಲವಾ ಅಂತ ತೋರಿಸಿದ್ದು ಕಟ್ಟಿದ ಬೀಡಿಯ ಲೆಕ್ಕ ಬರೆಯುವ, ಬೀಡಿ ಬ್ರಾಂಚಿನ ಪಾಸ್ ಪುಸ್ತಕ. ವಾರಕ್ಕೊಮ್ಮೆ ತರಲು ಹೇಳಿದೆ. ಮುನ್ನೂರು, ಮುನ್ನೂರು, ಇನ್ನೂರೈವತ್ತು, ನಾನೂರು. ಐನೂರಕ್ಕೆ ಬಂದ ವಾರ ಪುಸ್ತಕವನ್ನು ಅವರೇ ಮೊದಲು ಟೇಬಲ್ ಮೇಲೆ ಇಟ್ಟರು. ಎಡ್ವರ್ಡ್ ಬೋರ್ಡಿನ್ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಬರೆದದ್ದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಇಬ್ಬರ ನಡುವೆ ನಂಬಿಕೆ ಇರಬೇಕು, ಎಲ್ಲಿಗೆ ಹೋಗುವುದು ಅಂತ ಇಬ್ಬರಿಗೂ ಒಪ್ಪಿಗೆ ಇರಬೇಕು, ಹೇಗೆ ಹೋಗುವುದು ಅನ್ನುವುದಕ್ಕೂ ಒಪ್ಪಿಗೆ ಇರಬೇಕು. ನನ್ನ ಗುರಿ "ಲಕ್ಷಣಗಳು ಕಡಿಮೆಯಾಗುವುದು" ಅಂತ ಇತ್ತು, ಅವರ ಗುರಿ ಸಾವಿರ ಬೀಡಿ. ನಾನು ನನ್ನದನ್ನು ಬದಿಗಿಟ್ಟೆ ಅಷ್ಟೇ. ನಿಮ್ಮೆದುರು ಕೂತವರ ಬೀಡಿ ಯಾವುದು ಅಂತ ಹುಡುಕಿ. ಒಬ್ಬರಿಗೆ ಅದು ಭಜನೆಗೆ ಹೋಗಿ ಕೂರುವುದು, ಇನ್ನೊಬ್ಬರಿಗೆ ಬ್ಯಾಂಕಿನ ಕೌಂಟರಿನಲ್ಲಿ ಕೈ ನಡುಗದೆ ದುಡ್ಡು ಎಣಿಸುವುದು.

ಉಪದೇಶದ ಬದಲು ಒಂದು ಪ್ರಶ್ನೆ

ಕುಡಿತದ ವಿಷಯದಲ್ಲಿ ನಮಗೆ ಬಾಯಿ ತಡೆಯುವುದೇ ಇಲ್ಲ. ಲಿವರ್, ಮಕ್ಕಳು, ಸಾಲ ಅಂತ ಶುರು ಮಾಡಿದರೆ ನಿಲ್ಲುವುದಿಲ್ಲ. ಇದೆಲ್ಲ ಕುಡಿಯುವವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅಲ್ವಾ? ನೀವು ಬಿಡಬೇಕು ಅಂತ ಎಳೆದಷ್ಟೂ ಅವರು ಬಿಡುವುದಿಲ್ಲ ಅನ್ನುವ ಕಡೆಗೆ ಎಳೆಯುತ್ತಾರೆ. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆ ಇರುವವರ ಜೊತೆ ಕೆಲಸ ಮಾಡುತ್ತಾ ಬರೆದದ್ದು ಇದನ್ನೇ: ಬದಲಾಗಬೇಕು ಅನ್ನುವ ಕಾರಣ ಅವರ ಬಾಯಿಂದ ಬರಬೇಕು, ನಮ್ಮ ಬಾಯಿಂದ ಅಲ್ಲ. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಅವರು ಬೆಳೆಸಿದ ಆ ವಿಧಾನದಲ್ಲಿ ಒಂದು ಸಣ್ಣ ಪ್ರಶ್ನೆ ಉಂಟು, ನನಗೆ ತುಂಬಾ ಉಪಯೋಗಕ್ಕೆ ಬಂದದ್ದು.

ಮಲ್ಪೆಯ ಬೋಟಿನಲ್ಲಿ ದುಡಿಯುವ ಒಬ್ಬರು. ಹೆಂಡತಿ ಎಳೆದುಕೊಂಡು ಬಂದದ್ದು. ಕುರ್ಚಿಯನ್ನೇ ಸ್ವಲ್ಪ ತಿರುಗಿಸಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು.

"ಅಣ್ಣ, ಸೊನ್ನೆಯಿಂದ ಹತ್ತರವರೆಗೆ ಹೇಳುದಾದ್ರೆ, ಕುಡಿಯುದು ಕಮ್ಮಿ ಮಾಡ್ಬೇಕು ಅಂತ ನಿಮಗೆ ಎಷ್ಟು ಉಂಟು?"

"ನಾಲ್ಕು."

ಇಲ್ಲಿ ಎಲ್ಲರೂ ಮಾಡುವ ತಪ್ಪು "ಯಾಕೆ ನಾಲ್ಕೇ? ಎಂಟು ಯಾಕಿಲ್ಲ?" ಅಂತ ಕೇಳುವುದು. ಆಗ ಬಿಡಲಿಕ್ಕೆ ಆಗದಿರುವ ಕಾರಣಗಳ ಪಟ್ಟಿ ಬರುತ್ತದೆ. ತಿರುಗಿಸಿ ಕೇಳಬೇಕು.

"ನಾಲ್ಕು ಉಂಟಲ್ಲ. ಒಂದು ಯಾಕಲ್ಲ?"

ತುಂಬಾ ಹೊತ್ತು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಸುಮ್ನೆ ಕೂರುವುದು ಈ ಕೆಲಸದಲ್ಲಿ ಕಷ್ಟದ್ದು, ಕೈಗೆ ಪೆನ್ನು ಕೊಟ್ಟುಬಿಟ್ಟಿದ್ದಾರಲ್ಲ, ಏನಾದರೂ ಬರೆಯೋಣ ಅನ್ನಿಸುತ್ತದೆ. ಕೊನೆಗೆ ಗೋಡೆಗೆ ಹೇಳುವ ಹಾಗೆ ಹೇಳಿದರು: "ಮಗಳು ಈ ಸಲ ಎಸ್ಸೆಸ್ಸೆಲ್ಸಿ. ನನ್ನ ಬೈಕಿನ ಶಬ್ದ ಕೇಳಿದ್ರೆ ಪುಸ್ತಕ ಎತ್ಕೊಂಡು ಪಕ್ಕದ ಮನೆಗೆ ಹೋಗ್ತಾಳೆ."

ಇದಕ್ಕೆ ನಾನು ಏನಾದರೂ ಸೇರಿಸಿದ್ದರೆ ಹಾಳಾಗುತ್ತಿತ್ತು. "ಬೈಕಿನ ಶಬ್ದ ಕೇಳಿದ್ರೆ ಹೋಗ್ತಾಳೆ" ಅಂತ ಅವರ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿದೆ, ಅಷ್ಟೇ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ದಿನವೂ ಜಾಸ್ತಿ ಕುಡಿಯುವವರು ಉತ್ಸಾಹ ಬಂತು ಅಂತ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು, ಜೀವಕ್ಕೇ ಅಪಾಯ ಆಗಬಹುದು. ಬೋಟು ಸಮುದ್ರದ ನಡುವೆ ಇರುವಾಗ ಹೀಗಾದರೆ ಯೋಚಿಸಿ. ಹಾಗಾಗಿ "ನಾಳೆಯಿಂದಲೇ ಬಿಡಿ" ಅಂತ ಶಪಥ ಮಾಡಿಸುವ ಬದಲು ಡಾಕ್ಟರ ಹತ್ತಿರ ಕಳಿಸಿ. ಟ್ರಾಲ್ ಬೋಟುಗಳು ದಡದಲ್ಲಿ ಕಟ್ಟಿರುವ ಜೂನ್ 1ರಿಂದ ಜುಲೈ 31ರ 61 ದಿನ ನಮಗೆ ಒಳ್ಳೆಯ ಸಮಯ, ಮನುಷ್ಯರು ಊರಲ್ಲಿರುತ್ತಾರೆ. ಕೈಯಲ್ಲಿ ದುಡ್ಡಿರುವುದಿಲ್ಲ, ಮನೆಯಲ್ಲಿ ಜಗಳವೂ ಆಗಲೇ ಜಾಸ್ತಿ, ಅದೂ ನೆನಪಿರಲಿ.

ಮದ್ದಿನ ವಿಷಯ

ಆಟಿ ಅಮಾವಾಸ್ಯೆ ದಿನ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವಲ್ಲ, ಕಹಿ ಅಂದರೆ ಕಹಿ, ಒಮ್ಮೆ ಕುಡಿದರೆ ವರ್ಷ ಇಡೀ ಕಾಯುತ್ತದೆ ಅಂತ ನಂಬಿಕೆ. ನಮ್ಮವರ ತಲೆಯಲ್ಲಿ ಮದ್ದು ಅಂದರೆ ಅದು. ಕುಡಿದ ದಿನವೇ ಕೆಲಸ ಮಾಡಬೇಕು, ಮತ್ತೆ ಬೇಕಾಗಬಾರದು. ಖಿನ್ನತೆಯ ಮಾತ್ರೆ ಇದಕ್ಕೆ ಪೂರ್ತಿ ಉಲ್ಟಾ. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಮೊದಲ ವಾರವೇ ಬರುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಇದನ್ನು ಮೊದಲೇ ಹೇಳದಿದ್ದರೆ ಐದನೇ ದಿನ ಮಾತ್ರೆ ಕಸದ ಬುಟ್ಟಿಗೆ. ಗುಣ ಕಂಡ ಮೇಲೂ ಡಾಕ್ಟರು ಹೇಳುವಷ್ಟು ತಿಂಗಳು ಮುಂದುವರಿಸಬೇಕು, ತಾವಾಗಿ ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗುವುದು, ನಿದ್ದೆಗೇಡು ಬರಬಹುದು. ನಾನು ಕಷಾಯದ ಹೋಲಿಕೆ ಕೊಟ್ಟೇ ಹೇಳುತ್ತೇನೆ: "ಇದು ಆಟಿ ಕಷಾಯ ಅಲ್ಲ ಅಕ್ಕ, ಇದು ಗದ್ದೆಗೆ ನೀರು ಬಿಟ್ಟ ಹಾಗೆ."

ಯಾಕೆ ಬಿಟ್ಟಿರಿ ಅಂತ ಗದರಿಸಿದರೆ ಮುಂದಿನ ಸಲ ತೆಗೆದುಕೊಳ್ಳುತ್ತಿದ್ದೇನೆ ಅಂತ ಸುಳ್ಳು ಹೇಳುತ್ತಾರೆ. "ವಾರದಲ್ಲಿ ಎಷ್ಟು ದಿನ ತಪ್ಪಿತು?" ಅಂತ ಕೇಳಿ. ತಪ್ಪುವುದು ಸಹಜ ಅನ್ನುವುದು ಆ ಪ್ರಶ್ನೆಯಲ್ಲೇ ಇದೆ. ರಂಜಾನ್ ಉಪವಾಸ, ಏಕಾದಶಿ, ಶಬರಿಮಲೆ ವ್ರತ ಇದ್ದರೆ ಮೊದಲೇ ಕೇಳಿ ಡಾಕ್ಟರಿಗೆ ತಿಳಿಸಿ, ಮಾತ್ರೆಯ ಹೊತ್ತು ಬದಲಿಸಲು ಆಗುತ್ತದಾ ಅಂತ ಅವರು ನೋಡುತ್ತಾರೆ. ದುಡ್ಡಿನ ಕಷ್ಟ ಇದ್ದರೆ ಮಂಗಳೂರಿನಲ್ಲಿ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಇದೆ, ತಾಲೂಕು ಆಸ್ಪತ್ರೆಗಳಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇದೆ. ಕಳಿಸುವ ಮೊದಲು ಆ ವಾರ ಡಾಕ್ಟರು ಇದ್ದಾರಾ ಅಂತ ನೀವೇ ಒಂದು ಫೋನ್ ಮಾಡಿ. ಹೋಗಿ ಬಾಗಿಲು ಮುಚ್ಚಿದ್ದು ನೋಡಿ ಬಂದವರು ಎರಡನೇ ಸಲ ಹೋಗುವುದಿಲ್ಲ.

ಗುಟ್ಟು

ನನ್ನ ದೊಡ್ಡ ತಪ್ಪು ಇಲ್ಲಿಯದ್ದು. ಮದುವೆಯಾಗಿ ಒಂದು ವರ್ಷ ಆದ ಹುಡುಗಿ, ಎರಡು ಸಲ ಬಂದಿದ್ದಳು, ಚೆನ್ನಾಗಿ ಮಾತಾಡುತ್ತಿದ್ದಳು. ಮೂರನೇ ಸಲದ ಹಿಂದಿನ ದಿನ ನೆನಪಿಸೋಣ ಅಂತ ಅವಳ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ. ನಾನು ದನಿ ಕೇಳಿಯೂ ಯೋಚಿಸದೆ "ಆಸ್ಪತ್ರೆಯಿಂದ, ಮಾನಸಿಕ ವಿಭಾಗ, ನಾಳೆ ಬರ್ಲಿಕ್ಕೆ ಉಂಟಲ್ಲ" ಅಂದೆ. ಆಚೆ ಕಡೆ ಏನೂ ಇಲ್ಲ. ಫೋನ್ ಇಟ್ಟರು. ಆಮೇಲೆ ಅವಳ ಅಕ್ಕ ಬಂದು ಹೇಳಿದರು, ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಇದು ಮದುವೆಗೆ ಮೊದಲೇ ಇತ್ತಾ?" ಆ ಹುಡುಗಿ ಮತ್ತೆ ಬರಲಿಲ್ಲ.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಪಾಡುವುದನ್ನು ರೋಗಿಯ ಹಕ್ಕು ಅಂತ ಹೇಳುತ್ತದೆ. ನಾನು ಮುರಿದದ್ದು ಅದನ್ನೇ. ಈಗ ಮೊದಲ ದಿನವೇ ಕೇಳುತ್ತೇನೆ: ಈ ನಂಬರು ಯಾರ ಕೈಯಲ್ಲಿರುತ್ತದೆ? ಯಾವ ಹೊತ್ತಿಗೆ ಮಾಡಬಹುದು? ಬೇರೆಯವರು ಎತ್ತಿದರೆ ನಾನು ಯಾರು ಅಂತ ಹೇಳಲಿ? ವಾಟ್ಸಾಪ್ ಬೇಡ ಅಂದರೆ ಬೇಡ. ಗುಟ್ಟಿಗೆ ಒಂದು ಮಿತಿ ಇದೆ, ಅವರ ಅಥವಾ ಬೇರೆಯವರ ಜೀವಕ್ಕೆ ಅಪಾಯ ಅಂತ ಕಂಡರೆ ಬೇಕಾದವರಿಗೆ ಬೇಕಾದಷ್ಟು ತಿಳಿಸುತ್ತೇನೆ ಅಂತಲೂ ಆಗಲೇ ಹೇಳಿಬಿಡುತ್ತೇನೆ.

ನಮ್ಮ ಜಿಲ್ಲೆಗಳದ್ದು ಇನ್ನೊಂದು ರೋಗ ಉಂಟು. ಯಾರು ಸಿಕ್ಕಿದರೂ "ನಿಮ್ಮ ಮನೆ ಎಲ್ಲಿ? ಓ, ಅವರ ತಂಗಿಯ ಮಗಳಾ? ನಮಗೆ ಬೇಕಾದವರೇ" ಅಂತ ಸಂಬಂಧ ಹುಡುಕುವುದು. ಮದುವೆ ಹಾಲಿನಲ್ಲಿ ಇದು ಪ್ರೀತಿ, ಸಮಾಲೋಚನೆಯ ಕೋಣೆಯಲ್ಲಿ ಇದು ಬೆದರಿಕೆ. ನೀವು ಬೇಕಾದವರು ಅಂತ ಗೊತ್ತಾದ ಕ್ಷಣ ಅವರ ಬಾಯಿಗೆ ಬೀಗ. ಪರಿಚಯ ಗೊತ್ತಾದರೆ ನೇರವಾಗಿ ಹೇಳಿ, ಬೇರೆ ಸಮಾಲೋಚಕರು ಬೇಕಾ ಅಂತ ಕೇಳಿ. ಸಂತೆಯಲ್ಲಿ, ಯಕ್ಷಗಾನದ ರಂಗಸ್ಥಳದ ಎದುರು, ಕೋಲದಲ್ಲಿ ಸಿಕ್ಕಿದರೆ ನೀವಾಗಿ ಮಾತಾಡಿಸಬೇಡಿ. ಅವರು ನಕ್ಕರೆ ನಗಿ.

ಕೇಳಲೇಬೇಕಾದ ಪ್ರಶ್ನೆ

ಸಾಯುವ ಯೋಚನೆ ಬರುತ್ತದಾ ಅಂತ ಕೇಳಲು ಹೊಸಬರಿಗೆ ಹೆದರಿಕೆ. ಕೇಳಿದರೆ ಇಲ್ಲದ್ದು ತಲೆಗೆ ಹೋಗುತ್ತದೆ ಅಂತ. ಹೋಗುವುದಿಲ್ಲ, ಕೇಳಿದ್ದರಿಂದ ಅಪಾಯ ಹೆಚ್ಚುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಸುತ್ತಿ ಬಳಸಿ ಕೇಳಬೇಡಿ. "ಇಷ್ಟೆಲ್ಲ ಕಷ್ಟ ಇರುವಾಗ ಸತ್ತು ಹೋಗ್ಬೇಕು ಅಂತ ಅನ್ನಿಸಿದ್ದುಂಟಾ?" ಹೌದು ಅಂದರೆ ಹೌಹಾರಬೇಡಿ, ದೇವರ ಮೇಲೆ ಆಣೆ ಹಾಕಿಸಬೇಡಿ. ಎಷ್ಟು ದಿನದಿಂದ, ಏನಾದರೂ ಯೋಚನೆ ಮಾಡಿಟ್ಟಿದ್ದಾರಾ, ಯಾರಿಗೆ ಗೊತ್ತು ಅಂತ ಕೇಳಿ. ಅಪಾಯ ಇದ್ದರೆ ಒಬ್ಬರನ್ನೇ ಕಳಿಸಬೇಡಿ, ಆ ದಿನವೇ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಅಪಾಯದ ವಸ್ತುಗಳಿಗೆ ಬೀಗ ಹಾಕುವುದು ಯಾರು ಅಂತ ಹೆಸರು ಹಿಡಿದು ನಿರ್ಧರಿಸಿ. ಆತ್ಮಹತ್ಯೆಗೆ ಯತ್ನಿಸಿದವರು ಪೊಲೀಸ್ ಕೇಸಿಗೆ ಹೆದರಿ ಬಾಯಿ ಬಿಡುವುದಿಲ್ಲ. ಅವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ ಅಂತ ಕಾಯ್ದೆಯ 115ನೇ ಸೆಕ್ಷನ್ ಹೇಳುವುದನ್ನು ತಿಳಿಸಿ. ರಾತ್ರಿ ಎರಡು ಗಂಟೆಗೆ ನೀವಿರುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇರುತ್ತದೆ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರು ಬರೆದು ಕೊಟ್ಟರೆ ಚೀಟಿ ಕಳೆದುಹೋಗುತ್ತದೆ, ಅಲ್ಲೇ ಅವರ ಫೋನಿನಲ್ಲಿ ಅವರಿಗೆ ಬೇಕಾದ ಹೆಸರಿನಲ್ಲಿ ಸೇವ್ ಮಾಡಿಸಿ. ಒಬ್ಬರು "ಮಲ್ಲಿಗೆ ಅಂಗಡಿ" ಅಂತ ಮಾಡಿಕೊಂಡಿದ್ದಾರೆ.

ಎದ್ದು ಹೋಗುವ ಮೊದಲು

ಕೊನೆಯ ಐದು ನಿಮಿಷ ಉಳಿಸಿಕೊಳ್ಳಿ. "ಇವತ್ತು ಹೇಗಾಯ್ತು?" ಅಂದರೆ ನಮ್ಮವರು ಮುಖದ ಮೇಲೆ "ತುಂಬಾ ಒಳ್ಳೆದಾಯ್ತು" ಅಂತಲೇ ಅನ್ನುತ್ತಾರೆ, ಅದನ್ನು ನಂಬಿ ನಾನು ಎಷ್ಟೋ ಒಂದೇ ಹಾಳೆಯ ಫೈಲು ಮಾಡಿದ್ದೇನೆ. ಬದಲಿಗೆ, "ಇವತ್ತು ಕೇಳದೆ ಬಿಟ್ಟದ್ದು ಎಂತ ಉಂಟು?" ಅಂತ ಕೇಳಿ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಹೇಳುವ ಮಾತೇ ಎಷ್ಟೋ ಸಲ ನಿಜವಾದ ಮಾತು. ಮುಂದಿನ ದಿನವನ್ನು ಕ್ಯಾಲೆಂಡರ್ ನೋಡಿ ಇಬ್ಬರೂ ಸೇರಿ ಗೊತ್ತು ಮಾಡಿ. ಅವರ ಬಸ್ಸು, ಬೀಡಿ ಕೊಡುವ ದಿನ, ಬೋಟು ಬರುವ ದಿನ, ಮನೆಯ ಪೂಜೆ ಎಲ್ಲ ಕೇಳಿ. ಮನೆಕೆಲಸ ಕೊಡುವುದಾದರೆ ಒಂದೇ, ಅದೂ ಸಣ್ಣದು. ಸಂಜೆ ಅಂಗಳಕ್ಕೆ ಬಂದು ಐದು ನಿಮಿಷ ನಿಲ್ಲುವುದು, ಅಷ್ಟು ಸಾಕು.

ಬರದಿದ್ದರೆ ಒಪ್ಪಿದ ಹೊತ್ತಿಗೆ, ಒಪ್ಪಿದ ರೀತಿಯಲ್ಲಿ ಒಂದು ಫೋನ್. ವಾರ ಬಿಟ್ಟು ಇನ್ನೊಂದು. "ನೀವು ಬರ್ಲಿಲ್ಲ" ಅನ್ನುವ ದನಿ ಬೇಡ, "ಮಳೆ ಜೋರುಂಟು, ಹೇಗಿದ್ದೀರಿ ಅಂತ ಕೇಳ್ಲಿಕ್ಕೆ ಮಾಡಿದ್ದು" ಸಾಕು. ಜೀವದ ಅಪಾಯ ಇದ್ದವರ ವಿಷಯ ಬೇರೆ, ಅಲ್ಲಿ ಎರಡು ಫೋನಿಗೆ ನಿಲ್ಲಿಸಬಾರದು. ಉಳಿದವರಿಗೆ ಬೆನ್ನು ಹತ್ತಬೇಡಿ.

ಮಲ್ಪೆಯ ಆ ಅಣ್ಣ ಎರಡು ಸಲ ಬಂದು ಬಿಟ್ಟಿದ್ದರು. ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಂದರು, ಹೆಂಡತಿ ಇಲ್ಲದೆ, ಒಬ್ಬರೇ. ಬಾಯಿಂದ ವಾಸನೆ ಬರುತ್ತಿತ್ತು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು, "ಬೈತೀರಾ?" ಅಂದರು. "ಊಟ ಆಯ್ತಾ?" ಅಂದೆ. ಇಲ್ಲ ಅಂದರು. ಕ್ಯಾಂಟೀನಿನಲ್ಲಿ ಗಂಜಿ ಇರುತ್ತದೆ, ಮುಗಿಸಿ ಬನ್ನಿ, ನಾನು ನಾಲ್ಕರವರೆಗೆ ಇರ್ತೇನೆ ಅಂತ ಹೇಳಿ ಅವರ ಹಳೆಯ ಫೈಲು ಹುಡುಕಲು ಎದ್ದೆ. ಮೂರೂವರೆಗೆ ಬಂದು ಕೂತರು. ಕುರ್ಚಿ ತಿರುಗಿಸಲಿಲ್ಲ.